ಕರಕರ ಸದ್ದಿನ ಜಾಡು ಹಿಡಿದು

ರೇಡಿಯೊದಲ್ಲಿ ಬೇಡದ ಗದ್ದಲ ಬಂದರೆ ಕಿವಿ ಹಿಂಡಿ ಆರಿಸಿಬಿಡುವವರೇ ಹೆಚ್ಚು. ಹವ್ಯಾಸಿ ರೇಡಿಯೊದವರು ಮಾತ್ರ ಆ ಗದ್ದಲದ ಬೆನ್ನು ಹತ್ತಿ ಅದು ಹುಟ್ಟಿದ ಮನೆಯ ಬಾಗಿಲು ತಟ್ಟುತ್ತಾರೆ. ಅದಕ್ಕೆ ದುಬಾರಿ ಉಪಕರಣವೇನೂ ಬೇಕಿಲ್ಲ. ಒಂದು ಹಳೆಯ ಟ್ರಾನ್ಸಿಸ್ಟರ್, ಒಂದು ನೋಟ್‌ಬುಕ್ಕು ಮತ್ತು ಬೇಕಾದಷ್ಟು ತಾಳ್ಮೆ ಇದ್ದರೆ ಸಾಕು.

ಸಂಜೆ ಏಳರ ಹೊತ್ತಿಗೆ ಟ್ರಾನ್ಸಿಸ್ಟರ್ ಹಚ್ಚಿ, ಮೀಡಿಯಂ ವೇವ್‌ನಲ್ಲಿ ಮುಳ್ಳನ್ನು ಎಡತುದಿಯಿಂದ ಬಲತುದಿಯವರೆಗೆ ಮೆಲ್ಲಗೆ ತಿರುಗಿಸಿ ನೋಡಿ. ಒಂದೆರಡು ಕಡೆ ಮಾತು, ಸಂಗೀತ ಕೇಳಿಸಬಹುದು. ಉಳಿದ ಕಡೆಯಲ್ಲೆಲ್ಲ ಏನಿದೆ? ಒಂದು ಕಡೆ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಚಟ. ಇನ್ನೊಂದು ಕಡೆ ದುಂಬಿ ಹೊಕ್ಕಂತೆ ಗುಂಯ್. ಮತ್ತೊಂದು ಕಡೆ ಸಣ್ಣ ಸಿಳ್ಳೆ, ಗಡಿಯಾರದಂಥ ಟಿಕ್ ಟಿಕ್. ಹಿಂದೆ ಇದೇ ಪಟ್ಟಿಯಲ್ಲಿ ರಾತ್ರಿ ಹೊತ್ತು ದೂರದೂರದ ಕೇಂದ್ರಗಳು ತೇಲಿ ಬರುತ್ತಿದ್ದವು ಎಂದು ಮನೆಯ ಹಿರಿಯರು ಹೇಳುವುದುಂಟು. ಆ ಕೇಂದ್ರಗಳಲ್ಲಿ ಕೆಲವು ನಿಂತುಹೋಗಿರಬಹುದು. ಆದರೆ ಉಳಿದವು ಕೇಳಿಸದಿರುವುದಕ್ಕೆ ಮುಖ್ಯ ಕಾರಣ ಈ ಗದ್ದಲವೇ.

ಇದನ್ನು ‘ಕಾಲದ ಮಹಿಮೆ’ ಎಂದು ಬಿಟ್ಟುಬಿಡಬಹುದು. ಆದರೆ ಪ್ರತಿಯೊಂದು ಗದ್ದಲಕ್ಕೂ ಒಂದು ಹುಟ್ಟಿದ ಜಾಗವಿದೆ, ಒಂದು ಹೊತ್ತಿದೆ, ಒಂದು ಕಾರಣವಿದೆ. ಅಂದರೆ ಅದಕ್ಕೊಂದು ವಿಳಾಸವಿದೆ. ಅದನ್ನು ಕಂಡುಹಿಡಿಯುವುದು ಪತ್ತೇದಾರಿ ಕೆಲಸದಷ್ಟೇ ಸ್ವಾರಸ್ಯಕರ. ಜಗತ್ತಿನ ಹಲವು ದೇಶಗಳ ಹವ್ಯಾಸಿ ರೇಡಿಯೊದವರು, ಅಂದರೆ ‘ಹ್ಯಾಮ್’ಗಳು, ಈ ಕೆಲಸವನ್ನು ಒಂದು ಕಲೆಯಾಗಿಯೇ ಬೆಳೆಸಿದ್ದಾರೆ.

ಎರಡು ಕಿಲೊಮೀಟರಿನ ಅಲೆ

ಹ್ಯಾಮ್‌ಗಳೆಂದರೆ ಶಾರ್ಟ್ ವೇವ್‌ನಲ್ಲಿ ದೇಶವಿದೇಶಗಳೊಡನೆ ಮಾತಾಡುವವರು ಎಂದೇ ನಮಗೆ ಗೊತ್ತು. ಆದರೆ ಅವರಲ್ಲೊಂದು ಸಣ್ಣ ಗುಂಪು ಡಯಲಿನ ಇನ್ನೊಂದು ತುದಿಯಲ್ಲಿ, ತೀರಾ ಕಡಿಮೆ ಕಂಪನಾಂಕದಲ್ಲಿ ಕೆಲಸ ಮಾಡುತ್ತದೆ. ಶಾಲೆಯ ಪಠ್ಯದಲ್ಲಿ ‘ಆವೃತ್ತಿ’ ಎಂದು ಓದುವುದೇ ಈ ಕಂಪನಾಂಕ. 2007ರಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ 135.7ರಿಂದ 137.8 ಕಿಲೊಹರ್ಟ್ಸ್‌ವರೆಗಿನ ಪಟ್ಟಿಯನ್ನು ಹವ್ಯಾಸಿಗಳಿಗೆ ಒದಗಿಸಿತು. 2012ರ ಸಮ್ಮೇಳನ 472ರಿಂದ 479 ಕಿಲೊಹರ್ಟ್ಸ್ ಕೊಟ್ಟಿತು. ಎರಡನೆಯದು ನಮ್ಮ ಟ್ರಾನ್ಸಿಸ್ಟರಿನ ಮೀಡಿಯಂ ವೇವ್ ಪಟ್ಟಿಯ ಎಡತುದಿಯಿಂದ ಸ್ವಲ್ಪ ಆಚೆಗಿದೆ, ಅಷ್ಟೆ. ಈ ಪಟ್ಟಿಗಳಲ್ಲಿ ಪ್ರಸಾರ ಮಾಡಲು ಆಯಾ ದೇಶದ ಸರ್ಕಾರದ ಅನುಮತಿ ಬೇಕು.

136 ಕಿಲೊಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 2,200 ಮೀಟರ್. ಅದಕ್ಕೆ ತಕ್ಕ ಏರಿಯಲ್ ಕಟ್ಟಬೇಕೆಂದರೆ ಅಲೆಯ ಕಾಲುಭಾಗ, ಅಂದರೆ 550 ಮೀಟರ್ ಎತ್ತರದ ಕಂಬ ಬೇಕು! ಮನೆಯ ಹಿತ್ತಿಲಲ್ಲಿ ಹತ್ತು–ಹದಿನೈದು ಮೀಟರ್ ತಂತಿ ಎತ್ತುವುದೇ ದೊಡ್ಡ ಮಾತು. ಹಾಗಾಗಿ ನೂರಾರು ವ್ಯಾಟ್ ಉಣಿಸಿದರೂ ಅಲೆಯಾಗಿ ಹೊರಡುವುದು ಒಂದು ವ್ಯಾಟಿಗಿಂತ ಕಡಿಮೆ. ನಿಯಮದ ಮಿತಿಯೂ ಒಂದು ವ್ಯಾಟ್ ಮಾತ್ರ.

ಇಷ್ಟು ಕ್ಷೀಣ ಸಂಕೇತವನ್ನು ದೂರ ಮುಟ್ಟಿಸಲು ಹವ್ಯಾಸಿಗಳು ಕಂಡುಕೊಂಡ ಉಪಾಯ ನಿಧಾನ. ಅವರ ನಿಧಾನಗತಿಯ ಮೋರ್ಸ್‌ನಲ್ಲಿ ಒಂದು ಚುಕ್ಕೆಯೇ ಹತ್ತು ಸೆಕೆಂಡು, ಕೆಲವೊಮ್ಮೆ ಒಂದು ನಿಮಿಷ ಹಿಡಿಯುತ್ತದೆ. ಅದನ್ನು ಕಿವಿಯಲ್ಲಿ ಕೇಳುವುದಿಲ್ಲ, ಕಂಪ್ಯೂಟರ್ ತೆರೆಯ ಮೇಲೆ ಗೆರೆಯಾಗಿ ನೋಡುತ್ತಾರೆ. 2001ರಲ್ಲಿ ಇಂಗ್ಲೆಂಡಿನ ಮತ್ತು ಕೆನಡಾದ ಇಬ್ಬರು ಹವ್ಯಾಸಿಗಳು ಹೀಗೆಯೇ 136 ಕಿಲೊಹರ್ಟ್ಸ್‌ನಲ್ಲಿ ಅಟ್ಲಾಂಟಿಕ್ ಸಾಗರದ ಆಚೀಚೆ ಸಂಪರ್ಕ ಸಾಧಿಸಿದರು. 2008ರಲ್ಲಿ ಬಂದ ಇನ್ನೊಂದು ವಿಧಾನದಲ್ಲಿ ಹೆಸರು, ಊರು, ಶಕ್ತಿಯ ವಿವರ ಇಷ್ಟನ್ನೇ ಕಳಿಸಲು ಸುಮಾರು ಎರಡು ನಿಮಿಷ ಬೇಕು. ಅದನ್ನು ರೂಪಿಸಿದವರು ಜೋಸೆಫ್ ಟೇಲರ್. 1993ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಹಂಚಿಕೊಂಡ ವಿಜ್ಞಾನಿ, ಜೊತೆಗೆ ತಾವೂ ಒಬ್ಬ ಹ್ಯಾಮ್!

ಇಷ್ಟೆಲ್ಲ ಸಾಹಸ ಮಾಡಿ ಸಾಗರ ದಾಟಿ ಬಂದ ಸಂಕೇತವನ್ನು ಪಕ್ಕದ ಮನೆಯ ಅಗ್ಗದ ಚಾರ್ಜರ್ ಒಂದು ನುಂಗಿಬಿಡಬಲ್ಲದು. ಇಂಥ ಹವ್ಯಾಸಿಗೆ ಗದ್ದಲವೆಂದರೆ ಬರಿಯ ಕಿರಿಕಿರಿಯಲ್ಲ, ತಿಂಗಳುಗಟ್ಟಲೆಯ ಶ್ರಮವೇ ಮಣ್ಣುಪಾಲಾಗುವ ಮಾತು.

ಗದ್ದಲದ ಮಗ್ಗಿ

ಕಡಿಮೆ ಕಂಪನಾಂಕದಲ್ಲಿಯೇ ಏಕೆ ಇಷ್ಟು ಗದ್ದಲ? ಉತ್ತರ ನಮ್ಮ ಮನೆಯ ಪ್ಲಗ್ಗಿನಲ್ಲೇ ಇದೆ. ಹಿಂದಿನ ಎಲಿಮಿನೇಟರುಗಳು ಇಟ್ಟಿಗೆಯಷ್ಟು ಭಾರ. ಒಳಗಿದ್ದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್ ವಿದ್ಯುತ್ತನ್ನು ಸದ್ದಿಲ್ಲದೆ ಇಳಿಸಿಕೊಡುತ್ತಿತ್ತು. ಇಂದಿನ ಮೊಬೈಲ್ ಚಾರ್ಜರ್ ಬೆಂಕಿಪೊಟ್ಟಣದ ಗಾತ್ರಕ್ಕೆ ಇಳಿದಿರುವುದಕ್ಕೆ ಕಾರಣ, ಅದು ಕೆಲಸ ಮಾಡುವ ರೀತಿಯೇ ಬೇರೆ. ಗೋಡೆಯ 230 ವೋಲ್ಟನ್ನು ಮೊದಲು ನೇರ ವಿದ್ಯುತ್ತಾಗಿ ಮಾಡಿಕೊಂಡು, ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸುತ್ತದೆ. ಎಲ್‌ಇಡಿ ಬಲ್ಬು, ಕಂಪ್ಯೂಟರ್, ಸೆಟ್‌ಟಾಪ್ ಬಾಕ್ಸ್ ಎಲ್ಲದರ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಇದೇ ಕತ್ತರಿ.

ಹೀಗೆ ಥಟ್ಟನೆ ಕತ್ತರಿಸಿದಾಗ ಹುಟ್ಟುವುದು ಒಂದೇ ಕಂಪನಾಂಕವಲ್ಲ. ಅದರ ಮಗ್ಗಿಯೇ ಹುಟ್ಟುತ್ತದೆ. 68 ಕಿಲೊಹರ್ಟ್ಸ್‌ನಲ್ಲಿ ಕತ್ತರಿಸುವ ಚಾರ್ಜರ್ ಇದ್ದರೆ 68 ಒಂದಲ 68, 68 ಎರಡಲ 136, 68 ಮೂರಲ 204... ಹೀಗೆ ಮೇಲೇರುತ್ತ ಹೋಗುತ್ತದೆ. ಎರಡನೆಯದು ನೇರವಾಗಿ ಹವ್ಯಾಸಿಗಳ ಪಟ್ಟಿಯ ನಡುವೆ! ಇವನ್ನು ‘ಹಾರ್ಮೋನಿಕ್’ ಎನ್ನುತ್ತಾರೆ. ಸಾಮಾನ್ಯವಾಗಿ ಮಗ್ಗಿಯಲ್ಲಿ ಮೇಲೆ ಹೋದಂತೆ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಶಾರ್ಟ್ ವೇವ್‌ನವರಿಗೆ ಬಾಲ ತಗುಲಿದರೆ ಕಡಿಮೆ ಕಂಪನಾಂಕದವರಿಗೆ ತಲೆಯೇ ತಗಲುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಕಂಪ್ಯೂಟರ್, ಟಿ.ವಿ. ಮೊದಲಾದ ಬಹುಪಾಲು ಸಾಧನಗಳು ವಿದ್ಯುತ್ ತಂತಿಗೆ ಎಷ್ಟು ಗದ್ದಲ ಬಿಡಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಮಿತಿಗಳಿವೆ. ಆದರೆ ಆ ಮಿತಿ ಶುರುವಾಗುವುದೇ 150 ಕಿಲೊಹರ್ಟ್ಸ್‌ನಿಂದ. 136 ಅದರ ಕೆಳಗೆ ಬರುತ್ತದೆ. ಬೇಲಿ ಇರುವುದು ತೋಟದ ಒಂದು ಭಾಗಕ್ಕೆ ಮಾತ್ರ ಎಂದಂತಾಯಿತು. ಅದರ ಮೇಲೆ, ಅಗ್ಗದ ಚಾರ್ಜರ್ ತಯಾರಿಸುವವರು ಗದ್ದಲ ತಡೆಯುವ ಸಣ್ಣ ಸುರುಳಿ, ಕೆಪಾಸಿಟರುಗಳನ್ನು ನಾಲ್ಕು ಕಾಸು ಉಳಿಸಲೆಂದು ಕೈಬಿಡುವುದೂ ಉಂಟು.

ಈ ಮಗ್ಗಿಯ ಲೆಕ್ಕ ಹೊಸದೇನಲ್ಲ. ಪೆಟ್ಟಿಗೆಯಂಥ ಹಳೆಯ ಟಿ.ವಿ.ಗಳ ಕಾಲವನ್ನು ನೆನೆಯಿರಿ. ಅವುಗಳ ಚಿತ್ರದಲ್ಲಿ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಗುಣಿಸಿದರೆ ಸೆಕೆಂಡಿಗೆ 15,625 ಗೆರೆಗಳು, ಅಂದರೆ 15.625 ಕಿಲೊಹರ್ಟ್ಸ್. ಇದನ್ನು 39ರಿಂದ ಗುಣಿಸಿ: 609.375. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಕೇಂದ್ರ ಕೇಳಿಬರುತ್ತಿದ್ದುದು 612 ಕಿಲೊಹರ್ಟ್ಸ್‌ನಲ್ಲಿ. ಇವೆರಡರ ವ್ಯತ್ಯಾಸ 2.625 ಕಿಲೊಹರ್ಟ್ಸ್, ಕಿವಿಗೆ ಅದು ಕೀರಲು ಸಿಳ್ಳೆ. ಧಾರವಾಡದ 765 ಕಿಲೊಹರ್ಟ್ಸ್‌ಗೆ 49ನೆಯ ಹಾರ್ಮೋನಿಕ್ ಬಂದು ಕೂರುವುದು 765.625ರಲ್ಲಿ. ವ್ಯತ್ಯಾಸ ಕೇವಲ 625 ಹರ್ಟ್ಸ್. ಅಲ್ಲಿ ಸಿಳ್ಳೆ ತಗ್ಗು ಸ್ವರದ್ದು. ಪಕ್ಕದ ಮನೆಯವರು ಟಿ.ವಿ. ಹಾಕಿದೊಡನೆ ರೇಡಿಯೊ ಶಿಳ್ಳೆ ಹೊಡೆಯುತ್ತಿದ್ದುದರ ಗುಟ್ಟು ಈ ಲೆಕ್ಕದಲ್ಲಿದೆ. ಸ್ವರ ಗುರುತಿಸಿದವನಿಗೆ ಕಳ್ಳ ಯಾರೆಂಬುದು ಕುಳಿತಲ್ಲೇ ತಿಳಿಯುತ್ತಿತ್ತು.

ಮೊದಲು ನಮ್ಮ ಮನೆ

ಗದ್ದಲ ಕೇಳಿದೊಡನೆ ಊರವರ ಮೇಲೆ ಅನುಮಾನ ಪಡುವುದು ಸಹಜ. ಅನುಭವಿ ಹವ್ಯಾಸಿಗಳು ಕಲಿಸುವ ಮೊದಲ ಪಾಠ ಅದರ ತದ್ವಿರುದ್ಧ. ಮೊದಲು ನಮ್ಮ ಮನೆ, ಆಮೇಲೆ ಪಕ್ಕದ ಮನೆ.

ಪರೀಕ್ಷೆ ಸರಳ. ಸೆಲ್ಲಿನಿಂದ ನಡೆಯುವ ರೇಡಿಯೊದಲ್ಲಿ ಗದ್ದಲ ಕೇಳುವ ಜಾಗಕ್ಕೆ ಮುಳ್ಳು ತಂದಿಡಬೇಕು. ಮನೆಯ ದೊಡ್ಡವರು ಮೇನ್ ಸ್ವಿಚ್ ಆರಿಸಬೇಕು. ಯುಪಿಎಸ್ ಇದ್ದರೆ ಅದನ್ನೂ ಆರಿಸಬೇಕು. ಇಲ್ಲವಾದರೆ ಕರೆಂಟ್ ಹೋದೊಡನೆ ಅದು ತನ್ನದೇ ಗದ್ದಲ ಶುರು ಮಾಡೀತು. ಈಗಲೂ ಸದ್ದು ಇದ್ದರೆ ಮೂಲ ಹೊರಗಿದೆ. ಸದ್ದು ನಿಂತರೆ ಕಳ್ಳ ಮನೆಯಲ್ಲೇ ಇದ್ದಾನೆ. ಆಗ ಮೇನ್ ಹಾಕಿ, ಒಂದೊಂದೇ ಫ್ಯೂಸ್ ಅಥವಾ ಎಂಸಿಬಿ ಆರಿಸುತ್ತ ಬಂದರೆ ಯಾವ ಕೋಣೆ ಎಂಬುದು ತಿಳಿಯುತ್ತದೆ. ಆ ಕೋಣೆಯ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತರೆ ಯಾವ ವಸ್ತು ಎಂಬುದೂ ತಿಳಿಯುತ್ತದೆ. ಫೋನು ಸಿಕ್ಕಿಸದೆ ಸುಮ್ಮನೆ ಪ್ಲಗ್ಗಿನಲ್ಲಿ ಬಿಟ್ಟ ಚಾರ್ಜರ್ ಕೂಡ ಗದ್ದಲ ಮಾಡಬಹುದು. ಅದನ್ನು ಎಣಿಕೆಯಿಂದ ಬಿಡುವಂತಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ಸೌಲಭ್ಯವಿದೆ. ಅದೇ ಕರೆಂಟ್ ಹೋಗುವುದು! ಇಡೀ ಬೀದಿಗೆ ಕತ್ತಲು ಕವಿದಾಗ ಬೇರೆಯವರು ಮೇಣದಬತ್ತಿ ಹುಡುಕಿದರೆ, ಗದ್ದಲ ಹುಡುಕುವವರು ರೇಡಿಯೊ ಹುಡುಕಬೇಕು. ಆ ಹೊತ್ತಿನಲ್ಲಿ ಪಟ್ಟಿ ಸ್ವಚ್ಛವಾದರೆ ಮೂಲ ಅದೇ ಲೈನಿನಲ್ಲಿದೆ ಎಂದಾಯಿತು. ಹೊರಗಿನ ಲೋಕದ ನಿಜವಾದ ಸದ್ದು ಎಷ್ಟು ತೆಳುವಾದದ್ದು ಎಂಬುದೂ ಆಗಲೇ ಗೊತ್ತಾಗುವುದು.

ಮುಖವೂ ಇದೆ, ಹೊತ್ತೂ ಇದೆ

ಮೂಲ ಹೊರಗಿದೆ ಎಂದಾದರೆ ಮುಂದಿನ ಹೆಜ್ಜೆ ದಿನಚರಿ. ಯಾವ ದಿನ, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಬಂದ್, ಹವೆ ಹೇಗಿತ್ತು ಎಂಬುದನ್ನು ಒಂದು ವಾರ ಬರೆದಿಟ್ಟರೆ ಗದ್ದಲ ತನ್ನ ಜಾತಕವನ್ನು ತಾನೇ ಹೇಳುತ್ತದೆ. ಮುಸ್ಸಂಜೆಗೆ ಬಂದು ಬೆಳಗಾಗುವಾಗ ಹೋದರೆ ಬೀದಿದೀಪವನ್ನು ಶಂಕಿಸಬಹುದು. ಬಿಸಿಲಿದ್ದಾಗ ಮಾತ್ರ ಬಂದು ಮೋಡ ಕವಿದರೆ ಕುಗ್ಗಿದರೆ ಯಾರದೋ ಮಾಳಿಗೆಯ ಸೌರಫಲಕದ ಇನ್ವರ್ಟರ್ ಇರಬಹುದು. ಸೆಕೆಂಡಿಗೊಮ್ಮೆ ಟಿಕ್ ಎಂದರೆ ತೋಟದ ಸೋಲಾರ್ ಬೇಲಿ. ಬಳ್ಳಿಯೋ ಹುಲ್ಲೋ ತಂತಿಗೆ ತಗುಲಿ ಕಿಡಿ ಹಾರುತ್ತಿರಬೇಕು. ಒಣಹವೆಯಲ್ಲಿ ಜೋರಾಗಿದ್ದು ಮಳೆ ಬಿದ್ದೊಡನೆ ನಿಲ್ಲುವ ಒರಟು ಗುಂಯ್‌ಗುಟ್ಟುವಿಕೆ ಹೆಚ್ಚಾಗಿ ವಿದ್ಯುತ್ ಕಂಬದ ಸಡಿಲ ಜೋಡಣೆಯದು. 50 ಹರ್ಟ್ಸ್ ವಿದ್ಯುತ್ತಿನ ಒಂದೊಂದು ಸುತ್ತಿಗೂ ಎರಡು ಬಾರಿ ಕಿಡಿ ಹಾರುವುದರಿಂದ ಅದರ ಸ್ವರ ಸೆಕೆಂಡಿಗೆ 100 ಬಡಿತದ್ದು. ಇನ್ನು ಏಪ್ರಿಲ್–ಮೇ ತಿಂಗಳ ಸಂಜೆಗಳ ಸಿಡಿಸಿಡಿ ಶಬ್ದ ದೂರದ ಸಿಡಿಲಿನದು. ಅದರ ಮೇಲೆ ದೂರು ಕೊಡುವಂತಿಲ್ಲ!

ಕಂಪ್ಯೂಟರ್ ತೆರೆಯ ಮೇಲೆ ಗದ್ದಲದ ಮುಖವನ್ನೂ ನೋಡಬಹುದು. ಅಡ್ಡಕ್ಕೆ ಕಂಪನಾಂಕ, ಮೇಲಿನಿಂದ ಕೆಳಕ್ಕೆ ಸಮಯ ಎಂದು ಚಿತ್ರ ಬಿಡಿಸಿದಾಗ ಸಿಡಿಲು ಅಡ್ಡಗೆರೆಯಾಗಿ ಮೂಡುತ್ತದೆ. ಹರಳಿನಿಂದ ನಡೆಯುವ ನಿಖರ ಸಾಧನ ನೆಟ್ಟಗಿನ ಗೆರೆ ಎಳೆಯುತ್ತದೆ. ಅಗ್ಗದ ಚಾರ್ಜರಿನ ಗೆರೆ ಮಾತ್ರ ಕುಡಿದವನ ನಡಿಗೆಯಂತೆ. ಬಿಸಿಯಾದಂತೆಲ್ಲ ಅತ್ತಿತ್ತ ವಾಲುತ್ತದೆ.

ಯುರೋಪಿನ ಹವ್ಯಾಸಿಗಳು ಹೀಗೆ ಮುಖ ನೋಡಿ ಹೆಸರು ಹೇಳಿದ ಒಂದು ಪ್ರಸಂಗ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. ಬ್ರಿಟನ್ನಿನಲ್ಲಿ 1998ರಲ್ಲೇ 136 ಕಿಲೊಹರ್ಟ್ಸ್ ಹವ್ಯಾಸಿಗಳಿಗೆ ತೆರೆದಿತ್ತು. ಅವರ ತೆರೆಯ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದ ಸಣ್ಣ ಗೆರೆಗಳು ಮೂಡುತ್ತಿದ್ದವು. ಅಂತರ ಅಳೆದರೆ 7.43 ಹರ್ಟ್ಸ್. ಯಾರ ಬಾಚಣಿಗೆ ಇದು? ಹಡಗುಗಳಿಗೆ ದಾರಿ ತೋರುವ ‘ಲೋರಾನ್–ಸಿ’ ಎಂಬ ವ್ಯವಸ್ಥೆ ಆಗ 100 ಕಿಲೊಹರ್ಟ್ಸ್‌ನಲ್ಲಿ ನಡೆಯುತ್ತಿತ್ತು. ಫ್ರಾನ್ಸಿನ ಲೆಸ್ಸೆ ಸರಣಿಯ ಗುರುತಿನ ಸಂಖ್ಯೆ 6731. ಅಂದರೆ ಅದರ ಮಿಡಿತಗಳ ಗುಂಪು 67.31 ಮಿಲಿಸೆಕೆಂಡಿಗೊಮ್ಮೆ ಹೊರಡುತ್ತದೆ. ಮಿಡಿತಗಳ ವಿನ್ಯಾಸ ಪೂರ್ತಿ ಮರುಕಳಿಸಲು ಎರಡು ಗುಂಪು ಬೇಕು, 134.62 ಮಿಲಿಸೆಕೆಂಡು. ಒಂದನ್ನು 0.13462ರಿಂದ ಭಾಗಿಸಿ: ಸರಿಯಾಗಿ 7.43! ಅಂತರ 6.67 ಇದ್ದರೆ ಅದು ಜರ್ಮನಿಯ ಸಿಲ್ಟ್ ದ್ವೀಪದ 7499 ಸರಣಿ. ಹಲ್ಲಿನ ಅಂತರ ಅಳೆದರೆ ಸಾಕು, ಬಾಚಣಿಗೆ ಯಾರದೆಂದು ಹೇಳಬಹುದಾಗಿತ್ತು.

ಹಡಗುಗಳ ದಾರಿದೀಪವನ್ನು ಆರಿಸಿ ಎಂದು ಕೇಳುವಂತಿಲ್ಲ, ನಿಜ. ಆದರೆ ಗುರುತು ಸಿಕ್ಕಿದ್ದು ವ್ಯರ್ಥವಾಗಲಿಲ್ಲ. ನಿಧಾನ ಮೋರ್ಸ್‌ಗೆ ಒಂದು ಹರ್ಟ್ಸ್‌ಗಿಂತ ಕಡಿಮೆ ಜಾಗ ಸಾಕು. ಎರಡು ಹಲ್ಲುಗಳ ನಡುವಿನ ಸಂದಿಯಲ್ಲೇ ಸಂಕೇತವನ್ನು ಕೂರಿಸಲು ಸಾಧ್ಯವಾಯಿತು. ಯುರೋಪಿನ ಬಹುತೇಕ ಲೋರಾನ್ ಕೇಂದ್ರಗಳು 2015ರ ಕೊನೆಗೆ ನಿಂತುಹೋದವು.

ಕಪ್ಪು ಕಡ್ಡಿಯ ಚಮತ್ಕಾರ

ಹೊತ್ತು ತಿಳಿಯಿತು, ಮುಖ ತಿಳಿಯಿತು, ಉಳಿದದ್ದು ದಿಕ್ಕು. ಅದಕ್ಕೆ ಬೇಕಾದ ಉಪಕರಣ ಹಳೆಯ ಟ್ರಾನ್ಸಿಸ್ಟರಿನ ಒಳಗೇ ಇದೆ. ಬೆನ್ನು ತೆಗೆದು ನೋಡಿದವರಿಗೆ ತಾಮ್ರದ ತಂತಿ ಸುತ್ತಿದ ಕಪ್ಪು ಕಡ್ಡಿಯೊಂದು ಕಂಡಿರುತ್ತದೆ. ಅದು ಫೆರೈಟ್ ಕಡ್ಡಿ, ಮೀಡಿಯಂ ವೇವ್‌ನ ಏರಿಯಲ್. ಮೇಲೆ ಎಳೆಯುವ ಉದ್ದ ಕಡ್ಡಿ ಏರಿಯಲ್‌ಗೂ ಇದಕ್ಕೂ ಸಂಬಂಧವಿಲ್ಲ.

ಫೆರೈಟ್ ಕಡ್ಡಿಯ ಪಕ್ಕ ಮೂಲದ ಕಡೆಗಿದ್ದಾಗ ಸದ್ದು ಜೋರು. ಕಡ್ಡಿಯ ತುದಿ ಮೂಲದ ಕಡೆಗೆ ನೆಟ್ಟರೆ ಸದ್ದು ಥಟ್ಟನೆ ಕುಸಿಯುತ್ತದೆ. ರೇಡಿಯೊವನ್ನು ಅಂಗೈ ಮೇಲೆ ಮಲಗಿಸಿ ಮೆಲ್ಲಗೆ ತಿರುಗಿಸಿದರೆ ಇದು ಗೊತ್ತಾಗುತ್ತದೆ. ಜೋರಾಗುವ ದಿಕ್ಕನ್ನು ಹುಡುಕಬಾರದು, ಅದು ಅಗಲವಾಗಿ ಹರಡಿರುತ್ತದೆ. ಸದ್ದು ಸಾಯುವ ದಿಕ್ಕನ್ನು ಹುಡುಕಬೇಕು, ಅದು ಸೂಜಿಯಂತೆ ಚೂಪು. ಆದರೆ ಕಡ್ಡಿಗೆ ಎರಡು ತುದಿ. ಮೂಲ ಮುಂದಿದೆಯೋ ಹಿಂದಿದೆಯೋ ಎಂಬುದು ಒಂದೇ ಜಾಗದಿಂದ ತಿಳಿಯದು. ಬೀದಿಯ ಇನ್ನೊಂದು ತುದಿಗೆ ಹೋಗಿ ಮತ್ತೊಮ್ಮೆ ತಿರುಗಿಸಿ, ಎರಡೂ ಗೆರೆಗಳನ್ನು ಕಾಗದದ ನಕಾಶೆಯ ಮೇಲೆ ಎಳೆದರೆ ಅವು ಸೇರುವ ಕಡೆ ಮೂಲ ಇರುತ್ತದೆ. ಮೂರನೆಯ ಗೆರೆಯೂ ಅಲ್ಲೇ ಹಾದರೆ ಇನ್ನೂ ಒಳ್ಳೆಯದು.

ಇಲ್ಲೊಂದು ಮೋಸವಿದೆ. ಕಡಿಮೆ ಕಂಪನಾಂಕದ ಗದ್ದಲ ವಿದ್ಯುತ್ ತಂತಿಯ ಮೇಲೇ ಬಹುದೂರ ಹರಿಯುತ್ತದೆ. ಆಗ ರೇಡಿಯೊ ಮೂಲವನ್ನು ತೋರದೆ ತಂತಿಯನ್ನೇ ತೋರಿಸುತ್ತದೆ. ಇದಕ್ಕೆ ಪರಿಹಾರ, ಹತ್ತಿರವಾದಂತೆಲ್ಲ ಮುಳ್ಳನ್ನು ಮೇಲಿನ ಕಂಪನಾಂಕಕ್ಕೆ ಸರಿಸುತ್ತ ಹೋಗುವುದು. ಮೇಲಿನ ಕಂಪನಾಂಕದ ಗದ್ದಲ ತಂತಿಯಲ್ಲಿ ಹೆಚ್ಚು ದೂರ ಹೋಗಲಾರದು. ಅದು ಜೋರಾಗಿ ಕೇಳಿಸಿತೆಂದರೆ ಮೂಲ ಕೂಗಳತೆಯಲ್ಲಿದೆ ಎಂದೇ ಅರ್ಥ.

ಮೂಲ ವಿದ್ಯುತ್ ಕಂಬ ಎಂದು ತೋರಿದರೆ ಹುಡುಕಾಟ ಅಲ್ಲಿಗೇ ಮುಗಿಯಬೇಕು. ಕಂಬವನ್ನು ಮುಟ್ಟುವುದು, ತಟ್ಟುವುದು, ಹತ್ತುವುದು ಸರ್ವಥಾ ಸಲ್ಲದು. ಕಂಬದ ಸಂಖ್ಯೆ ಬರೆದುಕೊಂಡು ವಿದ್ಯುತ್ ಕಚೇರಿಗೆ ತಿಳಿಸಿದರೆ ಲೈನ್‌ಮನ್ ಬಂದು ನೋಡುತ್ತಾರೆ. ಸಡಿಲ ಜೋಡಣೆ ಮುಂದೆ ಕಂಬಕ್ಕೇ ಅಪಾಯ. ಹಾಗಾಗಿ ಇಂಥ ದೂರು ಅವರಿಗೂ ಉಪಕಾರವೇ.

ಬೆಳಿಗ್ಗೆ ಏಳಕ್ಕೆ ಹೋಗುತ್ತಿದ್ದ ಇಂಟರ್‌ನೆಟ್

ಈ ಪತ್ತೇದಾರಿ ರೇಡಿಯೊ ಹವ್ಯಾಸಿಗಳಿಗೆ ಮಾತ್ರ ಬೇಕಾದದ್ದಲ್ಲ. ತಾಮ್ರದ ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್‌ನೆಟ್ ಕೂಡ ನೂರಾರು ಕಿಲೊಹರ್ಟ್ಸ್‌ಗಳ ಇದೇ ಪ್ರದೇಶವನ್ನು ಬಳಸುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬೆರ್‌ಹೋಸನ್ ಎಂಬ ಹಳ್ಳಿಯಲ್ಲಿ ಸುಮಾರು ಒಂದೂವರೆ ವರ್ಷ ದಿನಾ ಬೆಳಿಗ್ಗೆ ಏಳಕ್ಕೆ ಇಂಟರ್‌ನೆಟ್ ಕೆಡುತ್ತಿತ್ತು. ತಂತ್ರಜ್ಞರು ಮತ್ತೆ ಮತ್ತೆ ಬಂದು ಪರೀಕ್ಷಿಸಿದರು, ತಂತಿಗಳನ್ನೂ ಬದಲಿಸಿದರು. ಫಲ ಮಾತ್ರ ಸೊನ್ನೆ. ಕೊನೆಗೆ 2020ರಲ್ಲಿ ಒಂದು ತಂಡ ನಸುಕಿನ ಆರಕ್ಕೇ ಎದ್ದು, ಸುರಿಯುವ ಮಳೆಯಲ್ಲಿ, ಕಂಪನಾಂಕ ಅಳೆಯುವ ಉಪಕರಣ ಹಿಡಿದು ಹಳ್ಳಿಯುದ್ದಕ್ಕೂ ನಡೆಯಿತು. ಗಂಟೆ ಏಳಾದೊಡನೆ ಉಪಕರಣದಲ್ಲಿ ಗದ್ದಲದ ಸ್ಫೋಟ! ಜಾಡು ಹಿಡಿದು ಹೋದರೆ ಸಿಕ್ಕಿದ್ದು ಒಂದು ಮನೆಯ ಹಳೆಯ ಸೆಕೆಂಡ್‌ಹ್ಯಾಂಡ್ ಟಿ.ವಿ. ಮನೆಯವರು ದಿನಾ ಏಳಕ್ಕೆ ಅದನ್ನು ಹಾಕುತ್ತಿದ್ದರು. ವಿಷಯ ತಿಳಿದು ಅವರು ನಾಚಿಕೊಂಡು ಟಿ.ವಿ.ಯನ್ನು ಆರಿಸಿ ಮತ್ತೆಂದೂ ಹಾಕುವುದಿಲ್ಲವೆಂದರು. ಹಳ್ಳಿಯ ತೊಂದರೆಯೂ ಅಂದೇ ತೀರಿತು.

ಈ ಕಥೆಯಲ್ಲಿ ಎರಡು ಮಾತು ಗಮನಿಸಬೇಕು. ತಂತಿ ಬದಲಿಸಿದ್ದಕ್ಕಿಂತ ಹೊತ್ತನ್ನು ಗಮನಿಸಿದ್ದು ಫಲ ಕೊಟ್ಟಿತು ಎಂಬುದು ಮೊದಲನೆಯದು. ಆ ಮನೆಯವರಿಗೆ ತಮ್ಮಿಂದ ತೊಂದರೆಯಾಗುತ್ತಿದೆ ಎಂಬ ಅರಿವೇ ಇರಲಿಲ್ಲ ಎಂಬುದು ಎರಡನೆಯದು. ಗದ್ದಲ ಮಾಡುವ ಬಹುತೇಕರ ಪರಿಸ್ಥಿತಿ ಹೀಗೆಯೇ. ಆದ್ದರಿಂದ ಪಕ್ಕದ ಮನೆಗೆ ಹೋದಾಗ ‘ನಿಮ್ಮ ಟಿ.ವಿ. ನಮ್ಮ ರೇಡಿಯೊ ಕೆಡಿಸ್ತಿದೆ’ ಎಂದರೆ ಜಗಳವೇ ಗತಿ. ‘ಆಂಟಿ, ಒಂದು ಪ್ರಯೋಗ ಮಾಡ್ತಿದೀನಿ. ಎರಡು ನಿಮಿಷ ಆ ಚಾರ್ಜರ್ ತೆಗೆದು ನೋಡೋಣ್ವಾ?’ ಎಂದು ರೇಡಿಯೊವನ್ನು ಅವರ ಕೈಗೇ ಕೊಟ್ಟರೆ ಅವರೂ ಪತ್ತೇದಾರರೇ ಆಗುತ್ತಾರೆ.

ಪತ್ತೆಯಾದ ಮೇಲೆ ಪರಿಹಾರ ಸಾಮಾನ್ಯವಾಗಿ ಕಷ್ಟವಲ್ಲ. ಕೆಟ್ಟ ಚಾರ್ಜರಿನ ಬದಲು ಒಳ್ಳೆಯದೊಂದು ತರುವುದು. ಇಲ್ಲವೇ ಅದರ ತಂತಿಯನ್ನು ಫೆರೈಟ್ ಉಂಗುರದೊಳಗೆ ಹಲವು ಸುತ್ತು ಸುತ್ತುವುದು. ಕಡಿಮೆ ಕಂಪನಾಂಕಕ್ಕೆ ಒಂದೆರಡು ಸುತ್ತು ಸಾಲದು, ಹತ್ತಕ್ಕೂ ಹೆಚ್ಚು ಬೇಕಾಗುತ್ತದೆ. ರೇಡಿಯೊದ ಏರಿಯಲ್ಲನ್ನು ಮನೆಯ ವೈರಿಂಗ್‌ನಿಂದ ದೂರ, ಹಿತ್ತಿಲ ಕೊನೆಗೆ ಒಯ್ಯುವುದೂ ಒಂದು ದಾರಿ.

ಇಲ್ಲದ ಕೇಂದ್ರದ ಭೂತ

ಕೆಲವೊಮ್ಮೆ ಎಷ್ಟು ಹುಡುಕಿದರೂ ಮೂಲ ಸಿಗುವುದಿಲ್ಲ. ಏಕೆಂದರೆ ಆ ಸಂಕೇತ ಹೊರಗೆ ಎಲ್ಲಿಯೂ ಇರುವುದೇ ಇಲ್ಲ. ಎರಡು ಬಲವಾದ ಕೇಂದ್ರಗಳು ಒಂದೇ ರೇಡಿಯೊಗೆ ನುಗ್ಗಿದರೆ, ರೇಡಿಯೊ ತಾಳಲಾರದೆ ಅವೆರಡರ ವ್ಯತ್ಯಾಸವನ್ನು ಹೊಸ ಸಂಕೇತವಾಗಿ ಹುಟ್ಟಿಸುತ್ತದೆ. ಲೆಕ್ಕಕ್ಕೆ ಮಂಗಳೂರು ಆಕಾಶವಾಣಿಯ 1089ರಿಂದ ಬೆಂಗಳೂರಿನ 612 ಕಳೆಯಿರಿ. 477! ಹವ್ಯಾಸಿಗಳ ಪಟ್ಟಿಯ ನಡುವೆಯೇ ಬಂದು ಕೂರುವ ಸಂಖ್ಯೆ. ಇಂಥ ಭೂತವನ್ನು ಹಿಡಿಯಲು ಒಂದು ಜಾಣ ಉಪಾಯವಿದೆ. ಏರಿಯಲ್‌ನಿಂದ ಬರುವ ಸಂಕೇತವನ್ನು ಅರ್ಧಕ್ಕೆ ಇಳಿಸಬೇಕು. ನಿಜವಾದ ಸಂಕೇತವಾದರೆ ಅದೂ ಅರ್ಧವಾಗುತ್ತದೆ. ಎರಡು ಕೇಂದ್ರಗಳ ಗುಣಲಬ್ಧದಿಂದ ಹುಟ್ಟಿದ ಭೂತ ಮಾತ್ರ ಅರ್ಧದ ಅರ್ಧ, ಅಂದರೆ ಕಾಲುಭಾಗವಾಗುತ್ತದೆ!

ಇಂಥ ಬೆರಕೆ ಒಮ್ಮೆ ಆಕಾಶದಲ್ಲೇ ನಡೆದಿತ್ತು. 1933ರಲ್ಲಿ ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ ಟೆಲ್ಲೆಗೆನ್ ಎಂಬ ವಿಜ್ಞಾನಿ ಸ್ವಿಟ್ಜರ್‌ಲೆಂಡಿನ ಬೆರೊಮ್ಯೂನ್‌ಸ್ಟರ್ ಕೇಂದ್ರವನ್ನು ಕೇಳುವಾಗ ಅದರ ಹಿಂದೆ ಲಕ್ಸಂಬರ್ಗ್ ಕೇಂದ್ರದ ಕಾರ್ಯಕ್ರಮವೂ ಕೇಳಿಸಿತು. ಎರಡರ ಕಂಪನಾಂಕಗಳು ಬಲುದೂರ. ಸೇರುವ ಮಾತೇ ಇಲ್ಲ. ಮರುವರ್ಷ ಬೇಲಿ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಕಾರಣ ಹೇಳಿದರು. ದಾರಿಯಲ್ಲಿದ್ದ ಲಕ್ಸಂಬರ್ಗಿನ ಬಲವಾದ ಅಲೆ ಮೇಲಿನ ಅಯಾನುಗೋಳದ ಎಲೆಕ್ಟ್ರಾನುಗಳನ್ನು ಬಿಸಿ ಮಾಡಿ, ಅಲ್ಲಿ ಹಾದುಹೋಗುವ ಸ್ವಿಸ್ ಅಲೆಯ ಮೇಲೆ ತನ್ನ ಅಚ್ಚು ಒತ್ತುತ್ತಿತ್ತು. ‘ಲಕ್ಸಂಬರ್ಗ್ ಪರಿಣಾಮ’ ಎಂದೇ ಅದಕ್ಕೆ ಹೆಸರಾಯಿತು.

ಗದ್ದಲದಲ್ಲೇ ಸಿಕ್ಕ ಗುಟ್ಟು

ಬೇಡದ ಸದ್ದಿನ ಬೆನ್ನು ಹತ್ತಿದವರಿಗೆ ಇನ್ನೂ ದೊಡ್ಡ ಬಹುಮಾನಗಳು ಸಿಕ್ಕಿವೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತು ಕದ್ದು ಕೇಳಲು ಯತ್ನಿಸುತ್ತಿದ್ದ ಜರ್ಮನಿಯವರಿಗೆ, ಮೇಲಿನಿಂದ ಕೆಳಕ್ಕೆ ಜಾರುವ ವಿಚಿತ್ರ ಸಿಳ್ಳೆಗಳು ಅಡ್ಡ ಬರುತ್ತಿದ್ದವು. ಬಾರ್ಕ್‌ಹೌಸನ್ ಎಂಬ ವಿಜ್ಞಾನಿ 1919ರಲ್ಲಿ ಅದನ್ನು ವರದಿ ಮಾಡಿದರು. 1953ರಲ್ಲಿ ಕೇಂಬ್ರಿಜ್‌ನ ಸ್ಟೋರಿ ಒಗಟು ಬಿಡಿಸಿದರು. ಅದು ಸಿಡಿಲು ಹುಟ್ಟಿಸಿದ ಅಲೆ. ಭೂಮಿಯ ಕಾಂತಕ್ಷೇತ್ರದ ಗುಂಟ ಸಾವಿರಾರು ಕಿಲೊಮೀಟರ್ ಮೇಲೇರಿ, ಇನ್ನೊಂದು ಗೋಳಾರ್ಧಕ್ಕೆ ಇಳಿಯುತ್ತದೆ. ದಾರಿಯಲ್ಲಿ ಮೇಲಿನ ಸ್ವರ ಬೇಗ, ಕೆಳಗಿನದು ತಡವಾಗಿ ಬರುವುದರಿಂದ ಸಿಳ್ಳೆ ಜಾರುತ್ತದೆ. ಅಷ್ಟು ಎತ್ತರದಲ್ಲೂ ಎಲೆಕ್ಟ್ರಾನುಗಳಿವೆ ಎಂಬುದು ತಿಳಿದದ್ದು ಹೀಗೆ, ಉಪಗ್ರಹಗಳು ಹಾರುವ ಮೊದಲೇ.

ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್‌ಸ್ಕಿಯ ಕಥೆಯೂ ಅಂಥದೇ. ಅವರದು ಕಡಿಮೆ ಕಂಪನಾಂಕವಲ್ಲ, 20.5 ಮೆಗಾಹರ್ಟ್ಸ್; ಆದರೆ ವಿಧಾನ ಅದೇ. ಸಾಗರದಾಚೆಗಿನ ರೇಡಿಯೊ ಟೆಲಿಫೋನಿಗೆ ಅಡ್ಡಿಯಾಗುವ ಗದ್ದಲ ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಅವರ ಕೆಲಸ. ಕಾರಿನ ಚಕ್ರಗಳ ಮೇಲೆ ಸುತ್ತುವ ಏರಿಯಲ್ ಕಟ್ಟಿ ತಿಂಗಳುಗಟ್ಟಲೆ ಬರೆದಿಟ್ಟರು. ಹತ್ತಿರದ ಸಿಡಿಲು, ದೂರದ ಸಿಡಿಲು ಎರಡನ್ನೂ ಬೇರ್ಪಡಿಸಿದ ಮೇಲೆ ಒಂದು ಸಣ್ಣ ಸುಯ್ ಸದ್ದು ಉಳಿಯಿತು. ಮೊದಲು ಅದು ಸೂರ್ಯನದೆನಿಸಿತು. ಆದರೆ ಅದು ಮರಳುತ್ತಿದ್ದುದು 24 ಗಂಟೆಗೊಮ್ಮೆ ಅಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ. ನಕ್ಷತ್ರಗಳು ಮತ್ತೆ ಅದೇ ಜಾಗಕ್ಕೆ ಬರುವ ಅವಧಿ ಅದು! ಆ ನಾಲ್ಕು ನಿಮಿಷದ ವ್ಯತ್ಯಾಸವೇ 1933ರಲ್ಲಿ ಜಗತ್ತಿಗೆ ಹೇಳಿತು: ಗದ್ದಲ ಬರುತ್ತಿರುವುದು ನಮ್ಮ ಆಕಾಶಗಂಗೆಯಿಂದ, ಧನು ರಾಶಿಯ ದಿಕ್ಕಿನಿಂದ. ರೇಡಿಯೊ ಖಗೋಳವಿಜ್ಞಾನ ಹುಟ್ಟಿದ್ದು ಹಾಗೆ. ಅದನ್ನು ಮುಂದುವರಿಸಿ 1937ರಲ್ಲಿ ಮನೆಯ ಅಂಗಳದಲ್ಲೇ ಬೋಗುಣಿ ಏರಿಯಲ್ ಕಟ್ಟಿದ ಗ್ರೋಟ್ ರೆಬರ್ ಒಬ್ಬ ಹ್ಯಾಮ್. ನಮ್ಮ ಗೌರಿಬಿದನೂರಿನ ಬಯಲಿನಲ್ಲಿ 34.5 ಮೆಗಾಹರ್ಟ್ಸ್‌ಗೆಂದು ಕಟ್ಟಿದ ‘ಟಿ’ ಆಕಾರದ ರೇಡಿಯೊ ದೂರದರ್ಶಕವೂ ಇದೇ ವಂಶದ್ದು.

ಚಾರ್ಜರಿನ ಗೊರಗೊರಕ್ಕೂ ಆಕಾಶಗಂಗೆಯ ಸುಯ್ಯಿಗೂ ಹುಡುಕುವ ದಾರಿ ಒಂದೇ: ಆಲಿಸು, ಬರೆದಿಡು, ಒಂದೊಂದೇ ಕಾರಣ ತೆಗೆದುಹಾಕು, ಉಳಿದುದನ್ನು ನಂಬು. ಹುಡುಕಿದವರಿಗೆ ಹೆಚ್ಚಿನ ಸಲ ಸಿಗುವುದು ಚಾರ್ಜರೇ. ಅದನ್ನು ಕಿತ್ತ ಮೇಲೆ ಉಳಿಯುವ ನಿಶ್ಶಬ್ದದಲ್ಲಿ ಮಾತ್ರ ಬೇರೆ ಯಾವುದಾದರೂ ಕೇಳಿಸೀತು.

ಮನೆಯಲ್ಲೇ ಮಾಡಿ ನೋಡಿ

● ಸೆಲ್ ಹಾಕಿದ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನ ಎಡತುದಿಯಲ್ಲಿ, ಯಾವ ಕೇಂದ್ರವೂ ಇಲ್ಲದ ಕಡೆ ನಿಲ್ಲಿಸಿ. ಮನೆಯ ಒಂದೊಂದು ಚಾರ್ಜರ್, ಎಲ್‌ಇಡಿ ಬಲ್ಬಿನ ಹತ್ತಿರ ಒಯ್ದು ಯಾವುದು ಎಷ್ಟು ದೂರದಿಂದ ಕೇಳುತ್ತದೆ ಎಂದು ಅಡಿಯಲ್ಲಿ ಅಳೆದು ಪಟ್ಟಿ ಮಾಡಿ.

● ಗೊತ್ತಿರುವ ಮೀಡಿಯಂ ವೇವ್ ಕೇಂದ್ರವೊಂದನ್ನು ಹಗಲಿನಲ್ಲಿ ಹಿಡಿದು, ಮನೆಯ ಹೊರಗೆ ಬಯಲಿನಲ್ಲಿ ನಿಂತು ರೇಡಿಯೊವನ್ನು ತಿರುಗಿಸಿ. ಸದ್ದು ಕುಸಿಯುವ ದಿಕ್ಕನ್ನು ನಕಾಶೆಯೊಡನೆ ಹೋಲಿಸಿ. ದಿಕ್ಕು ಹಿಡಿಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

● ಒಂದು ವಾರದ ಗದ್ದಲದ ದಿನಚರಿ ಬರೆಯಿರಿ: ಹೊತ್ತು, ಸದ್ದಿನ ರೀತಿ, ಹವೆ, ಕರೆಂಟ್ ಇತ್ತೋ ಇಲ್ಲವೋ.

● ಪಾಲಕರ ಗಮನಕ್ಕೆ: ಮೇನ್ ಸ್ವಿಚ್ ಮತ್ತು ಫ್ಯೂಸ್ ಮುಟ್ಟುವ ಕೆಲಸ ದೊಡ್ಡವರದೇ. ಅದಕ್ಕೆ ಮೊದಲು ಕಂಪ್ಯೂಟರ್ ಸರಿಯಾಗಿ ಆರಿಸಿ. ಮನೆಯಲ್ಲಿ ವಿದ್ಯುತ್ತಿನಿಂದ ನಡೆಯುವ ವೈದ್ಯಕೀಯ ಸಾಧನವಿದ್ದರೆ ಈ ಪ್ರಯೋಗ ಬೇಡ. ಯಾವ ಚಾರ್ಜರನ್ನೂ ಮಕ್ಕಳು ಬಿಚ್ಚಿ ನೋಡದಂತೆ ಎಚ್ಚರ ವಹಿಸಿ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಉಳಿದಿರಬಹುದು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಹೊರಗಿನ ಏರಿಯಲ್ ಮುಟ್ಟಲೇಬಾರದು.